ಪಿಳ್ಳಮ್ಮ ಕಲಿಸಿದ ‘ಬರ್ತೀನಿ’

ಬೇಗೂರಿನ ಪಿಳ್ಳಮ್ಮನ ಮನೆಗೆ ಬಾಡಿಗೆಗೆ ಎಂತೆಂಥವರೋ ಬಂದು ಹೋಗಿದ್ದರು. ಆದರೆ ಬೆಳಗಿನಿಂದ ಸಂಜೆತನಕ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುವುದನ್ನೇ ಕೆಲಸ ಮಾಡಿಕೊಂಡವಳು ಈ ಕಿಯಾರಾ ಒಬ್ಬಳೇ. ಇಟಲಿಯವಳು. ಹತ್ತಿರದ ಅನಾಥಾಶ್ರಮದಲ್ಲಿದ್ದ ಐದು ವರ್ಷದ ಸವಿತಾಳನ್ನು ದತ್ತು ತೆಗೆದುಕೊಳ್ಳಲು ಬಂದು, ಸರ್ಕಾರದ ಕೊನೆಯ ಕಾಗದಕ್ಕೆ ಕಾಯುತ್ತಿದ್ದಳು. ಗಂಡ ಆಮೇಲೆ ಬರುವವನಿದ್ದ. ಮಗುವಿಗೋಸ್ಕರ ಇಟಲಿಯಲ್ಲಿದ್ದಾಗಲೇ ಒಂದಿಷ್ಟು ಕನ್ನಡ ಕಲಿತಿದ್ದಳು. ಕಾಗದ ಇಂದಲ್ಲ ನಾಳೆ ಬಂದೀತು, ಮಗುವೇ ತನ್ನನ್ನು ಬೇಡ ಅಂದರೆ? ಅವಳಿಗೆ ಅದೊಂದೇ ಭಯ.

ಅವಳ ಪ್ರಶ್ನೆಗಳಿಂದ ಪಿಳ್ಳಮ್ಮನಿಗೆ ದಿನಕ್ಕೊಂದು ಗಾಬರಿ. “ನೀವು ದೊಡ್ಡ ರಂಗೋಲಿ ಹಾಕಿದಿರಿ. ಅದರ ಮೇಲೆ ಸ್ಕೂಟರ್ ಹೋಯಿತು. ನೀವು ಬೈಯಲಿಲ್ಲ. ಯಾಕೆ?” ಬೈಯೋದಾ! ಬೀದಿ ಅಂದಮೇಲೆ ಗಾಡಿ ಹೋಗದೆ ಇನ್ನೇನು ಹೋಗುತ್ತದೆ? ಇನ್ನೊಂದು ದಿನ ನೀರಿನ ಟ್ಯಾಂಕರಿನ ಸೊಣ್ಣಪ್ಪ ಹೊರಟಾಗ ಕೇಳಿದಳು: “ಅವನು ಹೋಗುತ್ತಾನೆ. ಆದರೆ ‘ಬರ್ತೀನಿ’ ಅಂತಾನೆ. ಸುಳ್ಳಾ?”

ಪಿಳ್ಳಮ್ಮ ಕೆನ್ನೆಗೆ ಕೈ ಹಚ್ಚಿದಳು. “ಅಯ್ಯೋ, ಬಿಡ್ತು ಅನ್ನು! ಓಗ್ತೀನಿ ಅನ್ಬಾರ್ದು ಕಣಮ್ಮ, ಅಪಶಕುನ. ನಾಳೆ ಮಗೀನ್ ನೋಡಿ ಒರಡುವಾಗ್ಲೂ ಅಷ್ಟೇ, ಬರ್ತೀನಿ ಅಂತ್ಲೇ ಅನ್ನು.”

ಕಿಯಾರಾ ಪರೀಕ್ಷೆಗೆ ಓದುವವಳ ಹಾಗೆ ಆ ಮಾತನ್ನು ಬಾಯಿಪಾಠ ಮಾಡಿದಳು.

ಮರುದಿನ ಮಗುವಿನ ಮೊದಲ ಭೇಟಿಗೆ ಪಿಳ್ಳಮ್ಮನೂ ಆಶ್ರಮಕ್ಕೆ ಜತೆಗೆ ಹೋದಳು. ಮಗು ಮೊದಮೊದಲು ಆಯಾ ಚನ್ನಕ್ಕನ ಸೆರಗು ಬಿಡಲಿಲ್ಲ. ಆಮೇಲೆ ಬಿಸ್ಕತ್ತು ತಿಂದಿತು, ಕಿಯಾರಾಳ ಕೆಂಚುಗೂದಲು ಎಳೆದು ನೋಡಿತು, ಕೊನೆಗೆ ತೊಡೆ ಮೇಲೆ ಬಂದು ಕೂತೇಬಿಟ್ಟಿತು. ಕಿಯಾರಾಳ ಖುಷಿಗೆ ಮೇರೆಯೇ ಇರಲಿಲ್ಲ. ಸಂಜೆ ಎದ್ದು ನಿಂತು, ಕಲಿತದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು: “ಬರ್ತೀನಿ.”

ಮಗು ಕಿಟಾರನೆ ಕಿರುಚಿ, ಹಣೆಯನ್ನು ನೆಲಕ್ಕೆ ಚಚ್ಚಿಕೊಂಡು, ಹಿಡಿಯಲು ಹೋದವರ ಕೈ ಕಚ್ಚಿ, ಮಂಚದ ಕೆಳಗೆ ನುಗ್ಗಿ ಗೋಡೆಗೆ ಅಂಟಿಕೊಂಡಿತು.

“ಯವ್ವಾ, ಆ ಮಾತ ಯಾಕ ಆಡಿದ್ರಿ?” ಚನ್ನಕ್ಕ ಬಾಯಿ ಬಡಿದುಕೊಂಡಳು. “ಇದರ ಹಡೆದವ್ವ ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರಿಸಿ, ‘ಈಗ ಬರ್ತೀನಿ’ ಅಂತ ಹೇಳಿ ಹೋದಾಕಿ ಬರಲೇ ಇಲ್ರಿ. ಇಲ್ಲಿ ನಾವ್ಯಾರೂ ಆ ಮಾತ ಆಡಂಗಿಲ್ಲ.”

ಪಿಳ್ಳಮ್ಮ ಹುಟ್ಟಿದಾಗಿನಿಂದ ಒಳ್ಳೆಯದೆಂದು ನಂಬಿ ಆಡಿದ ಮಾತು. ಅದನ್ನು ಕಲಿಸಿದವಳೂ ತಾನೇ! “ನಂದೇ ತಪ್ಪು ಕಣಮ್ಮ,” ಎಂದು ಕಿಯಾರಾಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಕಿಯಾರಾ ಅತ್ತಳೋ ಇಲ್ಲವೋ, ನೋಡುವಷ್ಟರಲ್ಲಿ ಚೀಲ ಬದಿಗಿಟ್ಟು ಮಂಚದ ಪಕ್ಕ ಬರಿನೆಲದ ಮೇಲೆ ಮಲಗಿಬಿಟ್ಟಳು. ಯಾರೂ ಕಲಿಸದ ಮಾತೊಂದನ್ನು ತಾನೇ ಹುಡುಕಿಕೊಂಡು ಹೇಳಿದಳು: “ಇರ್ತೀನಿ.”

ಬಹಳ ಹೊತ್ತಾದ ಮೇಲೆ ಮಂಚದ ಕೆಳಗಿನಿಂದ ಒಂದು ಪುಟ್ಟ ಕೈ ಬಂದು ಅವಳ ಬೆರಳು ಹಿಡಿಯಿತು. ಚನ್ನಕ್ಕ ಆಶ್ರಮದ ದೊಡ್ಡ ಮೇಡಂ ಹತ್ತಿರ ಹೋಗಿ, ಇವತ್ತೊಂದು ರಾತ್ರಿ ಇಲ್ಲೇ ಇರಲಿ ಎಂದು ಕಾಡಿ ಬೇಡಿ ಒಪ್ಪಿಸಿ ಬಂದಳು.

ಇನ್ನು ತನಗೇನು ಕೆಲಸ ಎಂದು ಪಿಳ್ಳಮ್ಮ ಎದ್ದಳು. ಮಂಚದ ಕೆಳಗಿನ ಎರಡು ಕಣ್ಣು ಅವಳ ಬಾಯನ್ನೇ ನೋಡುತ್ತಿದ್ದವು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಇನ್ನೊಂದು ಮಾತಿಗೆ ನಾಲಿಗೆ ಹೊರಳಲೊಲ್ಲದು. ಒಂದೂ ಹೇಳದೆ ಹೊರಡುವುದಂತೂ ಸಾಧ್ಯವೇ ಇಲ್ಲ. ಬಾಗಿಲತನಕ ಹೋದವಳು ತಿರುಗಿ ಬಂದು ಮಂಡಿ ಹಿಡಿದುಕೊಂಡು ಕೆಳಗೆ ಕೂತಳು.

“ಚನ್ನಕ್ಕ,” ಎಂದಳು, “ಇನ್ನೊಂದು ಚಾಪೆ ಐತಾ?”