ಖಾಲಿ ಪುಟದ ಹೆಬ್ಬೆಟ್ಟು

ನಮ್ಮ ಸ್ವಯಂಸೇವಾ ಸಂಸ್ಥೆಯ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಹೋದ ವರ್ಷ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಹಳ್ಳಿ ತಿರುಗಿದವರಲ್ಲಿ ಕೆಲಸ ಬಿಡದೆ ಉಳಿದವಳು ನಾನೊಬ್ಬಳೇ, ಅದಕ್ಕೆ. ನುಣ್ಣನೆ ಕಾಗದದ ಪುಸ್ತಕವಂತೆ, ರಟ್ಟಿನ ಮೇಲೆ ನಗುವ ಹೆಂಗಸರಂತೆ. 'ಜನರೇ ಮುನ್ನಡೆಸಿದ ಅಭಿವೃದ್ಧಿ' ಎಂಬ ಹೆಸರನ್ನು ನಿರ್ದೇಶಕರು ಮೊದಲೇ ಇಟ್ಟಾಗಿತ್ತು.

ಅಫಜಲಪುರದ ಕಚೇರಿಯ ಕಪಾಟಿನಿಂದ ಹಳೆಯ ಠರಾವು ಪುಸ್ತಕಗಳನ್ನು ಇಳಿಸಿಕೊಂಡು ಕೂತೆ. ಮಹಿಳಾ ಸಂಘದ ಸಭೆಯ ತೀರ್ಮಾನ ಬರೆದು, ಕೆಳಗೆ ಸದಸ್ಯೆಯರ ಹೆಬ್ಬೆಟ್ಟು ಒತ್ತಿಸಿದ ಪುಸ್ತಕಗಳು. ನೋಡಿದವರಿಗೆ ಹಾಗನಿಸುತ್ತದೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಉಲ್ಟಾ. ಕೂಲಿಯ ಹೆಂಗಸರು ಕರೆದಾಗಲೆಲ್ಲ ಕೈಗೆ ಸಿಗುವವರಲ್ಲ. ತೊಗರಿ ರಾಶಿಯ ದಿನಗಳಲ್ಲಂತೂ ಕೇಳಲೇಬೇಡಿ. ಹಾಗಾಗಿ ಸಿಕ್ಕ ದಿನವೇ ನಾಲ್ಕೈದು ಖಾಲಿ ಪುಟಗಳ ಬುಡದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಮೇಲಿನದನ್ನು ಆಮೇಲೆ ಕಚೇರಿಯಲ್ಲಿ ನಾವೇ ಬರೆಯುತ್ತಿದ್ದೆವು. ಇದನ್ನು ನನಗೆ ಹಿರಿಯರು ಕಲಿಸಿದರು. ನಾಚಿಕೆಗೆಟ್ಟ ನಾನು ಹೊಸಬರಿಗೆ ಕಲಿಸಿದೆ, ಅದೂ ಮಾನವ ಹಕ್ಕುಗಳ ತರಬೇತಿಯ ಚಹಾದ ಹೊತ್ತಿನಲ್ಲಿ.

ಹಾಳೆ ತಿರುವುತ್ತಿದ್ದಂತೆ ಆ ಪುಟ ಬಂತು. ಸರಸಂಬಾ ಕಡೆಯ ಒಂದು ಹಳ್ಳಿಯದು. ಅಲ್ಲಿ ಬೌದ್ಧರಾದ ದಲಿತರ ಓಣಿಯವರು ಸ್ಮಶಾನಕ್ಕೆ ಹೋಗುವ ಹಾದಿಗೆ ಪಕ್ಕದ ಹೊಲದವನು ತಂತಿಬೇಲಿ ಎಳೆದು ಗೇಟು ಕೂರಿಸಿ ಬೀಗ ಹಾಕಿದ್ದ. ಜಾತಿಯಲ್ಲಿ ನಮ್ಮ ಪೈಕಿಯವನೇ. ಓಣಿಯವರಿಗೆ ಉಳಿದದ್ದು ಹಳ್ಳ ದಾಟುವ ದಾರಿಯೊಂದೇ. ಸಂಘದ ಅಧ್ಯಕ್ಷೆ, ಅದೇ ಓಣಿಯ ಕೂಲಿ ಹೆಂಗಸು, ಹಾದಿ ಬಿಡಿಸಿಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದಳು. ಅಷ್ಟರಲ್ಲಿ ನಮಗೆ ನೆರವು ಕೊಡುವವರು ಆ ಹಳ್ಳಿ ನೋಡಲು ಬರುವುದಾಯಿತು. "ಜಗಳದ ಊರು ಹೆಂಗ ತೋರಸೂದ್ರಿ? ಏನಾರ ರಾಜಿ ಮಾಡಿಸ್ರಿ" ಎಂದರು ನಿರ್ದೇಶಕರು. ಹೆಬ್ಬೆಟ್ಟು ಇದ್ದ ಖಾಲಿ ಪುಟ ತೆಗೆದೆ. 'ಊರಿನ ಸೌಹಾರ್ದಕ್ಕಾಗಿ ಸಂಘವು ಸದರಿ ಹಾದಿಯ ಬೇಡಿಕೆಯನ್ನು ಒಮ್ಮತದಿಂದ ಕೈಬಿಟ್ಟಿದೆ' ಎಂದು ಬರೆದೆ. ಅದರ ನಕಲು ಅರ್ಜಿಯ ಜೊತೆ ಸೇರಿತು, ಅರ್ಜಿ ಮುಗಿಯಿತು. ಓಣಿಯವರಿಗೆ ಸುದ್ದಿಯೇ ಇಲ್ಲ. ಆಕೆ ಕಂಡಾಗಲೆಲ್ಲ ಅರ್ಜಿಯ ಬಗ್ಗೆ ಕೇಳುತ್ತಿದ್ದಳು, ನಾನು "ನಡದದ ನಡದದ" ಎನ್ನುತ್ತಿದ್ದೆ.

ಆ ಪುಟ ಹಿಡಿದು ಎದ್ದೆ. ನಿರ್ದೇಶಕರಿಗೆ ತೋರಿಸಿದರೆ, ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ, "ಶಾಂತಿಯುತ ಸಂಧಾನ ಅಂತ ಒಂದ್ ಅಧ್ಯಾಯ ಮಾಡ್ರಿ, ಛಲೋ ಕಾಣ್ತದ" ಎಂದರು. ಥೂ, ಇಂಥ ಬಾಯಿಯ ಮಾತು ಕೇಳಿಕೊಂಡೇ ಇಷ್ಟು ವರ್ಷ ಅನ್ನ ತಿಂದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಠರಾವು ಪುಸ್ತಕ ಬಗಲಿಗಿಟ್ಟುಕೊಂಡು ಮರುದಿನವೇ ಹಳ್ಳಿಗೆ ಹೋದೆ.

ಅಧ್ಯಕ್ಷೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಬರ್ರಿ ಅಕ್ಕೋರ. ನಮ್ಮ ಅರ್ಜಿ ಎಲ್ಲೀತನ ಬಂತ್ರಿ?"

ಕೂತು ಠರಾವು ಓದಿದೆ. ಇನ್ನೊಮ್ಮೆ ಓದ್ರಿ ಎಂದಳು, ಓದಿದೆ.

"ಇದರಾಗ ನನ್ನ ಹೆಬ್ಬೆಟ್ಟ ಯಾವುದ್ರಿ?"

ತೋರಿಸಿದೆ. ಬಗ್ಗಿ ನೋಡಿದಳು. "ನಾ ಹಿಂಗ ಹೇಳಿಲ್ರಿ."

"ಇಲ್ಲವ್ವ. ನಾನೇ ಬರದೇನಿ. ಇದು ಸುಳ್ಳು ಅಂತ ಸರ್ಕಾರಿ ಕಚೇರ್ಯಾಗ ಬರಕೊಡ್ತೇನಿ, ಅರ್ಜಿ ಮತ್ತ ಹಾಕು."

"ಹಾಕ್ತೇನ್ರಿ. ಹಾದಿ ಬೇಕಲ್ರಿ ನಮಗ." ಮೊರ ಪಕ್ಕಕ್ಕಿಟ್ಟಳು. ಬಯ್ಯುತ್ತಾಳೆಂದು ಕಾದೆ, ಬೈದರೆ ಹಗುರಾಗುತ್ತೇನೆ ಎಂಬ ಆಸೆ ಬೇರೆ. ಬಯ್ಯಲಿಲ್ಲ.

"ನಮ್ಮ ಅತ್ತಿ ಮಳಿಗಾಲದಾಗ ಸತ್ಲ್ರಿ. ಹಳ್ಳದಾಗ ಎದೀಮಟ ನೀರು. ಹೆಣ ತಲೀ ಮ್ಯಾಲ ಎತ್ತಿ ಹಿಡದು ದಾಟಿಸಿದ್ರು ನಮ್ಮವರು. ನೀವೂ ಮಣ್ಣಿಗೆ ಬಂದಿದ್ರಿ, ಹಾರ ತಂದಿದ್ರಿ."

"ಹೌದು, ಬಂದಿದ್ದೆ."

"ನಮ್ಮ ಸೀರೀ ಎಲ್ಲಾ ತೊಯ್ದು ತಪ್ಪಡಿ ಆಗಿದ್ವು. ನಿಮ್ಮ ಸೀರಿ ಒಣಾ ಇತ್ತಲ್ರಿ ಅಕ್ಕೋರ. ನೀವು ಯಾವ ಹಾದೀಲೆ ಬಂದ್ರಿ?"

ಗೇಟಿನಿಂದ ಬಂದಿದ್ದೆ. ನನ್ನ ಸ್ಕೂಟಿಯ ಸಪ್ಪಳ ಕೇಳಿ ಹೊಲದವನೇ ಓಡಿಬಂದು ತೆಗೆದಿದ್ದ. ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಒಳಗೆ ಹೋಗಿದ್ದೆ.