ಹಿತ್ತಾಳೆ ಬುಷ್ ಹೊರಬಂದ ದಿನ

ರಜೆಯ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಕೂಡ್ಲಿಗಿ ಬಿಟ್ಟೆ. ಹಡಗಲಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಕೊಟ್ರೇಶ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಹೋಗಲಾಗಿರಲಿಲ್ಲ, ಈಗಲಾದರೂ ಊಟಕ್ಕೆ ಬಾ ಎಂದು ಎರಡು ಸಲ ಫೋನ್ ಮಾಡಿದ್ದ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಬೈಕು ಎಂಟು ವರ್ಷದ ಹಿಂದೆ ಕೊಟ್ರೇಶನಿಂದಲೇ ಕೊಂಡದ್ದು. ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿದೆ. ಗಾಳಿ ತಂಪಾಗಿತ್ತು, ರಸ್ತೆ ಖಾಲಿ ಇತ್ತು.

ಕೊಟ್ಟೂರು ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಎಂಜಿನ್ ಒಮ್ಮೆಲೇ ಗುಡುಗಲು ಶುರುವಾಯಿತು. ಇಳಿದು ನೋಡಿದರೆ ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಕಡೆ ಸಡಿಲವಾಗಿ ಅಲ್ಲಾಡುತ್ತಿತ್ತು. ಅದನ್ನು ಹಿಡಿದಿಡುವ, ಬೋಲ್ಟಿನಂಥ ಎರಡು ಸ್ಟಡ್‌ಗಳಲ್ಲಿ ಒಂದು ಮುರಿದಿತ್ತು. ಹಾಗೆಯೇ ಓಡಿಸಿಕೊಂಡು ಕೊಟ್ಟೂರು ಸೇರಿದೆ. ಬಸ್ ನಿಲ್ದಾಣದ ಹತ್ತಿರದ ಮೆಕ್ಯಾನಿಕ್ ಪ್ಲೈಯರ್‌ನಿಂದ ಹಿಡಿದು ತಿರುವಿದ. ಹೊರಗೆ ಚಾಚಿದ್ದ ತುಂಡೂ ಮುರಿದು, ಉಳಿದದ್ದು ಎಂಜಿನ್ನಿನೊಳಗೇ ಕೂತಿತು.

"ಇದು ವೆಲ್ಡಿಂಗ್ ಹಿಡಿದು ತೆಗಿಯೋ ಕೆಲಸ್ರೀ. ಬೊಮ್ಮನಹಳ್ಳ್ಯಾಗ ಲೇತ್ ಮೌನೇಶಪ್ಪ ಅದಾನ, ಅವನ ಕಡಿ ಹೋಗ್ರಿ," ಎಂದು ಪೈಪನ್ನು ತಂತಿಯಿಂದ ಕಟ್ಟಿಕೊಟ್ಟ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಹೊರಟೆ. ಹಗರಿಬೊಮ್ಮನಹಳ್ಳಿಯ ತನಕ ದಾರಿಯ ಜನರೆಲ್ಲ ನನ್ನ ಗಾಡಿಯ ಸದ್ದಿಗೆ ತಿರುಗಿ ನೋಡುತ್ತಿದ್ದರು.

ಮೌನೇಶಪ್ಪನಿಗೆ ಐವತ್ತೈದು ದಾಟಿರಬಹುದು. ತಗಡಿನ ಶೆಡ್ಡು, ಲೋಹ ಕಡೆಯುವ ಒಂದು ಹಳೆಯ ಲೇತ್ ಯಂತ್ರ. ಮಾತು ಕಡಿಮೆ. ಕೂಡ್ಲಿಗಿಯ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡೆ, ತಲೆಯಾಡಿಸಿದರು. ಮುರಿದ ಜಾಗಕ್ಕೆ ಎಣ್ಣೆ ಬಿಟ್ಟು, ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸಿದರು. ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡಿಂಗ್ ಹಿಡಿದರು. ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ತಿರುವುತ್ತ ಹೋದರು.

"ಅವಸರ ಮಾಡಿದ್ರ ಎಂಜಿನ್ ಹೆಡ್ಡೇ ಹೋಗ್ತೈತ್ರಿ ಮೇಷ್ಟ್ರ," ಎಂದರು.

ಅರ್ಧ ತಾಸಿನ ಮೇಲೆ ಸ್ಟಡ್ ಹೊರಬಂತು. ಒಂದೇ ಬರಲಿಲ್ಲ, ಅದರ ಸುತ್ತ ಬಳೆಯಂಥ ಒಂದು ಹಿತ್ತಾಳೆ ಬುಷ್ ಕೂಡ ಬಂತು. ತೂತು ಸವೆದಾಗ ಯಾರೋ ಹಿಂದೆ ಕೂರಿಸಿದ್ದು ಅದು. ಮೌನೇಶಪ್ಪ ಅದನ್ನು ಚಿಂದಿಯಿಂದ ಒರೆಸಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಪಂಚ್ ಹೊಡೆದ ಮೂರು ಚುಕ್ಕೆಗಳಿದ್ದವು. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಇದು ನಾ ಮಾಡಿದ್ದು. ಹಿಂಗ ಚುಕ್ಕಿ ಒಂದೇ ಗಾಡಿಗೆ ಹೊಡೆದೀನಿ," ಎಂದರು.

ಹಳೆಯ ಗಿರಾಕಿಯ ಗಾಡಿ ಇರಬೇಕು ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದು, ಅದರಲ್ಲಿದ್ದ ಯಾವುದೋ ಗಾಡಿಯ ಹಳೆಯ ಕಾಗದ ತೆಗೆದರು. ಎಂಜಿನ್ನಿನ ಕೆಳಗಿನ ಮಣ್ಣು ಕೆರೆದು, ಅಲ್ಲಿ ಕೊರೆದಿದ್ದ ಎಂಜಿನ್ ನಂಬರನ್ನು ಬೆರಳಿಟ್ಟು ಒಂದೊಂದಾಗಿ ಓದಿದರು. ಕಾಗದದಲ್ಲಿದ್ದದ್ದೂ ಅದೇ. ನನ್ನ ಆರ್.ಸಿ.ಯಲ್ಲಿದ್ದ ನಂಬರ್ ಬೇರೆ. ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಹೋಲಿಸಿ ನೋಡಿರಲಿಲ್ಲ.

"ನನ್ನ ತಮ್ಮನ ಗಾಡಿ ಎಂಜಿನ್ ಇದು. ಒಂಬತ್ತು ವರ್ಷದ ಹಿಂದ ತಂಬ್ರಹಳ್ಳಿ ದಾರ್‍ಯಾಗ ಬಿದ್ದು ಸತ್ತ. ಮುಂಜಾನಿ ನಮಗ ಹೆಣ ಸಿಕ್ತು, ಗಾಡಿ ಸಿಗಲಿಲ್ಲ. ಯಾರ ಕಡಿಂದ ತಗಂಡ್ರಿ?"

ಸುಳ್ಳು ಹೇಳಬಹುದೆಂಬ ಯೋಚನೆಯೂ ಬಂತು. "ಚಿಕ್ಕಪ್ಪನ ಮಗನ ಕಡಿಂದ್ರಿ. ಈಗ ಅವನ ಮನಿಗೇ ಹೊಂಟೀನಿ," ಎಂದೆ.

ಅವರು ಹೊಸ ಬುಷ್ ಕಡೆದು, ಹೊಸ ಸ್ಟಡ್ ಹಾಕಿ, ಪೈಪು ಬಿಗಿದರು. ಕೈ ತೊಳೆದು, ಅಂಗಿ ಬದಲಿಸಿ, ನನ್ನ ಹಿಂದೆ ಕುಳಿತರು. ಹಡಗಲಿಯ ಕಡೆ ಹೊರಟೆವು. ಗಾಡಿ ಈಗ ಸದ್ದಿಲ್ಲದೆ ಓಡುತ್ತಿತ್ತು. ಊರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು.

ಕೊಟ್ರೇಶ ಬಾಗಿಲಲ್ಲೇ ನಿಂತಿದ್ದ. "ಬಾ ಅಣ್ಣಾ, ಯಾಕ ಇಷ್ಟೊತ್ತು?" ಎಂದವನು ಹಿಂದಿದ್ದವರನ್ನು ನೋಡಿ ಇಬ್ಬರಿಗೂ ಕುರ್ಚಿ ಹಾಕಿದ. ನಾನು ಕೂರಲಿಲ್ಲ. ಎಂಜಿನ್ ಎಲ್ಲಿಯದು ಎಂದು ಕೇಳಿದೆ. ಮೊದಲು ಗುಜರಿಯವನಿಂದ ತಂದದ್ದು ಎಂದ. ಮೌನೇಶಪ್ಪ ಟೀಪಾಯಿಯ ಮೇಲೆ ಆ ಬುಷ್ ಇಟ್ಟು, ತಾವು ಯಾರೆಂದು ಹೇಳಿದರು. ಕೊಟ್ರೇಶನ ಮುಖದ ಬಣ್ಣ ಹೋಯಿತು. ಅಡುಗೆಮನೆಯ ಬಾಗಿಲಿಗೆ ಬಂದ ಅವನ ಹೆಂಡತಿ ಅಲ್ಲೇ ನಿಂತಳು.

ಕೊನೆಗೆ ಕೊಟ್ರೇಶ ಬಾಯಿಬಿಟ್ಟ: ಒಂಬತ್ತು ವರ್ಷದ ಹಿಂದೆ ಅವನು ಮಲ್ಲಿಗೆ ಹೂವಿನ ಟೆಂಪೋ ಓಡಿಸುತ್ತಿದ್ದ. ಹೊಸಪೇಟೆಗೆ ಹೂವು ಹಾಕಿ ಖಾಲಿ ಬರುವಾಗ, ಸಂಜೆ, ರಸ್ತೆಯ ಪಕ್ಕ ಬಿದ್ದ ಬೈಕು ಕಂಡಿತು. ಸ್ವಲ್ಪ ದೂರದಲ್ಲಿ ಮನುಷ್ಯ.

"ಕುಡಿದು ಬಿದ್ದಾನ ಅಂದ್ಕಂಡೆ ಅಣ್ಣಾ. ನನ್ನ ಬೈಕಿನ ಎಂಜಿನ್ ಸೀಜ್ ಆಗಿ ನಿಂತಿತ್ತು. ಅದೂ ಅದೇ ಮಾಡೆಲ್ ಗಾಡಿ. ಎತ್ತಿ ಟೆಂಪೋದಾಗ ಹಾಕ್ಕಂಡು ಬಂದೆ, ಎಂಜಿನ್ ನನ್ನ ಗಾಡಿಗೆ ಕೂಡಿಸಿದೆ."

ಚಿಕ್ಕಂದಿನಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದ ಹುಡುಗ ಇವನು.

"ಜೀವ ಇತ್ತಾ?" ಮೌನೇಶಪ್ಪ ಕೇಳಿದರು.

ಕೊಟ್ರೇಶ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ.

"ಏನರ ಅಂದ್ನಾ?"

"ನೀರು ಕೇಳಿದ."

ಮೌನೇಶಪ್ಪ ಕಣ್ಣು ಮುಚ್ಚಿಕೊಂಡರು. ಅವರು ಹೊಡೆಯುತ್ತಾರೆಂದು ನಾನು ನಡುವೆ ಬಂದು ನಿಂತೆ. ಹೊಡೆಯಲಿಲ್ಲ. "ನಡಿ. ಇದನ್ನ ಠಾಣ್ಯಾಗ ನಿನ್ನ ಬಾಯಿಲೇ ಹೇಳು," ಎಂದರಷ್ಟೆ. ಕೊಟ್ರೇಶ ಅಂಗಿ ಹಾಕಿಕೊಂಡ. "ಅಣ್ಣಾ, ನೀನರ ಹೇಳೋ," ಎಂದು ನನ್ನ ಕೈ ಹಿಡಿದ. ನಾನು ಬಿಡಿಸಿಕೊಂಡೆ. ಅವನ ಹೆಂಡತಿ ಒಳಗೆ ಹೋಗಿ, ಊಟಕ್ಕೆ ಹಾಸಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿದಳು.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ನಾನೂ ಒಂದು ಹೇಳಿಕೆ ಬರೆದು ರುಜು ಹಾಕಿದೆ. ಬೈಕನ್ನು ಅಲ್ಲೇ ಇರಿಸಿಕೊಂಡರು. ಹೊರಡುವಾಗ ಮೌನೇಶಪ್ಪನ ಫೋನ್ ನಂಬರ್ ತೆಗೆದುಕೊಂಡೆ. ಕ್ಷಮಿಸಿ ಎನ್ನಲು ಹೋದೆ. "ನೀವ್ ಏನ್ ಮಾಡೀರಿ ಮೇಷ್ಟ್ರ," ಎಂದು ಬೆಂಚಿನ ಮೇಲೆ ಕುಳಿತರು.

ನಾಲ್ಕೂವರೆಗೆ ಹರಪನಹಳ್ಳಿ ಬಸ್ಸು ಸಿಕ್ಕಿತು. ಹರಪನಹಳ್ಳಿಯಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಪಕ್ಕದಲ್ಲಿ ಕುಳಿತ ತೆಲಿಗಿ ಊರಿನ ರೈತರೊಬ್ಬರು ಮೆಕ್ಕೆಜೋಳದ ಬೆಳೆಯ ಬಗ್ಗೆ ಏನೋ ಕೇಳುತ್ತಿದ್ದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕೊಟ್ಟೂರಿನಲ್ಲಿ ಮತ್ತೆ ಬಸ್ಸು ಬದಲಿಸಿ ಕೂಡ್ಲಿಗಿಯಲ್ಲಿ ಇಳಿದಾಗ ರಾತ್ರಿ ಎಂಟು ದಾಟಿತ್ತು.

ಚೀಲವನ್ನೂ ಇಳಿಸದೆ ಹೊಸ್ತಿಲ ಮೇಲೆ ಕುಳಿತು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಂದು ಪಕ್ಕದಲ್ಲಿ ಕುಳಿತಳು.

"ಸತ್ತವರ ಹೆಸರೇನ್ರಿ?" ಎಂದಳು.

ನನಗೆ ಗೊತ್ತಿರಲಿಲ್ಲ. ಇಡೀ ದಿನ ಕೇಳಿರಲಿಲ್ಲ. ರುಜು ಹಾಕಿದ ಕಾಗದದಲ್ಲೂ 'ಮೌನೇಶಪ್ಪನವರ ತಮ್ಮ' ಎಂದೇ ಬರೆದಿದ್ದೆ. ಅಲ್ಲೇ ಕುಳಿತು ಮೌನೇಶಪ್ಪನವರಿಗೆ ಫೋನ್ ಮಾಡಿ ಕೇಳಿದೆ.

"ಪ್ರಕಾಶ ಅಂತ್ರೀ," ಎಂದರು. "ಮನ್ಯಾಗ ಪಕ್ಯಾ ಅಂತಿದ್ವಿ."