ರೆಕ್ಕೆ ಅಕ್ಕನ ಗ್ರಾಫಿಕ್ಸ್ ಕಾರ್ಡು

ಮಕ್ಕಳ ಕಾರ್ಟೂನಿನಲ್ಲಿ ಹಕ್ಕಿ ಹಾರಿಸುವುದೇ ಅವಳ ಕಸುಬು. ಹಾಗಾಗಿ ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ರೆಕ್ಕೆ ಅಕ್ಕ. ಸ್ಟುಡಿಯೋ ಸೋದರಮಾವನದು. ಅದು ಒಂದೇ ಕೋಣೆಯಲ್ಲಿದ್ದಾಗ ಸೇರಿದವಳು, ಮದುವೆಯ ಮಾತೆತ್ತಿದರೆ "ಈ ಹದ್ದು ಕೆಳಗಿಳೀಲಿ, ಆಮೇಲೆ ನೋಡೋಣ" ಎಂದು ತಾಯಿಯ ಬಾಯಿ ಮುಚ್ಚಿಸುತ್ತಿದ್ದವಳು. ಅಲ್ಲೊಂದು ಪದ್ಧತಿ: ಕೆಲಸಕ್ಕೆ ಸೇರುವವರು ಕಂಪ್ಯೂಟರಿನೊಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡನ್ನು ತಾವೇ ತರಬೇಕು. ಊಟಕ್ಕೆ ಕರೆದವರು ತಟ್ಟೆ ನೀವೇ ತನ್ನಿ ಅಂದ ಹಾಗೆ!

ಅವಳು ಆಸೆಪಟ್ಟು ಕೊಂಡ ಕಾರ್ಡು ಅದು. ಹಿಂದೆ ಇಂಥವು ಪರದೆಯ ಮೇಲೆ ಆಟದ ಕಾರು ಓಡಿಸಲಷ್ಟೇ ಇದ್ದವು. ಲಕ್ಷಾಂತರ ಚುಕ್ಕಿಗಳಿಗೆ ಒಂದೇ ಏಟಿಗೆ ಬಣ್ಣ ಹಚ್ಚುವ ಆ ಲೆಕ್ಕ ಬೇರೆ ಕಡೆಗೂ ಒದಗುತ್ತದೆಂದು ಗೊತ್ತಾದದ್ದೇ ತಡ, ಆಸ್ಪತ್ರೆಯ ಸ್ಕ್ಯಾನಿಗೆ, ಹವಾಮಾನದ ಮುನ್ಸೂಚನೆಗೆ, ಕೊನೆಗೆ ತಾನೇ ಚಿತ್ರ ಬರೆಯುವಂತೆ ಯಂತ್ರಕ್ಕೆ ಪಾಠ ಕಲಿಸುವುದಕ್ಕೂ ಅವನ್ನೇ ಹೂಡಿದರು. "ನನ್ನ ಕಾರ್ಡಿನ ಅಣ್ಣತಮ್ಮಂದಿರು ಎಲ್ಲೆಲ್ಲಿ ದುಡೀತಾರೆ ನೋಡಮ್ಮ" ಎಂದು ತಾಯಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

ಆ ಪಾಠ ತನ್ನ ಮೇಜಿನ ಮೇಲೇ ನಡೆದಿದೆಯೆಂದು ಪಾಪ, ಅವಳಿಗೇನು ಗೊತ್ತು? ಒಂದು ಬೆಳಿಗ್ಗೆ ಬಂದು ನೋಡಿದರೆ ಅವಳ ಪರದೆಯಲ್ಲಿ ಅವಳು ಬರೆಯದ ಕೊಕ್ಕರೆಯೊಂದು ಹಾರುತ್ತಿದೆ! ರೆಕ್ಕೆ ಎತ್ತುವ ಮುಂಚೆ ಭುಜ ಕುಗ್ಗಿಸುವ ವರಸೆ ಮಾತ್ರ ಅವಳದೇ. ಮಾವ ಅವಳ ಹಳೆಯ ಚಿತ್ರಗಳನ್ನೆಲ್ಲ ಯಂತ್ರಕ್ಕೆ ತಿನ್ನಿಸಿದ್ದ, ಅದೂ ಅವಳದೇ ಕಾರ್ಡಿನಲ್ಲಿ. ಅವಳ ಬೆರಳಿನಿಂದಲೇ ಅವಳ ಕಣ್ಣು ತಿವಿದಿದ್ದ.

"ನಾಳೆಯಿಂದ ನೀನು ಬರೋದು ಬೇಡಮ್ಮ," ಎಂದ ಮಾವ, ಕಾಫಿ ಹೀರುತ್ತಲೇ. "ಕಾರ್ಡ್ ಮಾತ್ರ ಇಲ್ಲೇ ಇರ್ಲಿ. ಅಂಗಡೀಲಿ ಎಲ್ಲೂ ಸಿಗ್ತಿಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. "ನಾನು ಬೇಡ, ನನ್ನ ಕಾರ್ಡ್ ಬೇಕು! ನಾಚಿಕೆ ಅನ್ನೋದು ಇದ್ಯಾ ಮಾವ ನಿಮ್ಗೆ? ಮೊದ್ಲು ನನ್ನ ಚಿತ್ರ ಅಳಿಸಿ."

"ಅಳಿಸೋಣ ಬಿಡು. ಯಂತ್ರ ಕಲ್ತಿರೋದನ್ನ ಹೇಗೆ ಮರೆಸ್ತೀಯ?" ಮಾವ ನಕ್ಕ.

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಕಂಪ್ಯೂಟರ್ ಆರಿಸಿ, ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ಸ್ಕ್ರೂಡ್ರೈವರಿನಿಂದ ಸ್ಕ್ರೂ ತಿರುಗಿಸಿ ಕಾರ್ಡನ್ನು ಹೊರಗೆ ತೆಗೆದು ಸ್ವೆಟರಿನಲ್ಲಿ ಸುತ್ತಿಕೊಂಡಳು.

"ಏ, ನಾಳೆ ಕೆಲಸ ಒಪ್ಪಿಸ್ಬೇಕು ಕಣೆ!" ಮಾವ ಲೋಟ ಕುಕ್ಕಿದ. "ಹೋಗು, ಹೋಗು! ನೀನೊಬ್ಬಳು ಹೋದ್ರೆ ಸ್ಟುಡಿಯೋ ಮುಳುಗಿ ಹೋಗಲ್ಲ. ಇವರೆಲ್ಲರ ಚಿತ್ರಾನೂ ಕಲಿಸ್ತಿದೀನಿ, ಇವರೆಲ್ಲರ ಕಾರ್ಡೂ ಇಲ್ಲೇ ಇದೆ!"

ಮಾತು ಬಾಯಿಂದ ಜಾರಿತ್ತು. ಸಾಲಾಗಿ ಕೂತು ಬರೆಯುತ್ತಿದ್ದವರೆಲ್ಲ ತಲೆ ಎತ್ತಿದರು. ಕಿಟಕಿಯ ಬಳಿ ಮರ, ಮೋಡ ಬರೆಯುವ ಹಿರಿಯ ಅವಳತ್ತ ಕೈ ಚಾಚಿದ.

"ಆ ಸ್ಕ್ರೂಡ್ರೈವರ್ ಇಲ್ಲಿ ಕೊಡಮ್ಮ. ನಂದೂ ಬಿಚ್ಕೋತೀನಿ."